ಉಪ್ಪಿನಂಗಡಿಯಲ್ಲಿ ಎದುರಾದ ನೆಂಟರು

ಲೋಲಾಕ್ಷಿ: ಒಂದು ಚಾ ಕುಡಿದರೆ ನಿಮ್ಮ ಅಂಗಡಿ ಮುಳುಗಿ ಹೋಗ್ತದಾ?

ಕುಶಾಲಪ್ಪ: ದುಡ್ಡಿನ ಮಾತಲ್ಲ ಮಾರಾಯ್ತಿ, ಜಾಗದ ಮಾತು. ಹೊಟ್ಟೆ ಇರುದು ಇಷ್ಟೇ. ಅದನ್ನು ಇಲ್ಲಿ ದುಡ್ಡು ಕೊಟ್ಟು ತುಂಬಿಸಿದರೆ ನಿನ್ನ ತಮ್ಮನ ಮನೆಯ ಕೋಳಿಸಾರನ್ನು ಎಲ್ಲಿಗೆ ಹಾಕುದು?

ಲೋಲಾಕ್ಷಿ: ಬೆಳಿಗ್ಗೆ ಗಂಜಿಗೂ ಒಲೆ ಹೊತ್ತಿಸ್ಲಿಕ್ಕೆ ಬಿಡ್ಲಿಲ್ಲ ನೀವು.

ಕುಶಾಲಪ್ಪ: ನೆಂಟರ ಮನೆಗೆ ಉಂಡು ಹೋಗುದು ಮರ್ಯಾದೆ ಅಲ್ಲ. ಅವರಿಗೆ ಬೇಜಾರಾಗ್ತದೆ.

ಉಪ್ಪಿನಂಗಡಿಯಲ್ಲಿ ಬಸ್ಸು ನಿಲ್ಲುವ ಜಾಗ. ಅಲ್ಲೇ ಹೈದರನ ಚಾದಂಗಡಿ. ಅಂಗಡಿಯ ಎದುರಿನ ಬೆಂಚಿನ ಮೇಲೆ ಗಂಡ ಹೆಂಡತಿ, ಇಬ್ಬರು ಮಕ್ಕಳು, ಒಂದು ಬಟ್ಟೆಯ ಗಂಟು, ಮುಳ್ಳುಸೌತೆ ತುಂಬಿದ ಒಂದು ಚೀಲ. ಸುಳ್ಯದಿಂದ ಮೊದಲ ಬಸ್ಸಿಗೆ ಹೊರಟು, ಪುತ್ತೂರಿನಲ್ಲಿ ಬಸ್ಸು ಬದಲಿಸಿ ಇಲ್ಲಿಗೆ ಬಂದು ಇಳಿದಿದ್ದರು. ಇನ್ನು ಕಡಬದ ಬಸ್ಸು ಹಿಡಿಯಬೇಕು.

ಕುಶಾಲಪ್ಪನಿಗೆ ಸುಳ್ಯ ಪೇಟೆಯಲ್ಲಿ ಜಿನಸಿನ ಅಂಗಡಿ. ಹೊಸ ಪೈಸೆ ಬಂದು ಎರಡು ವರ್ಷವಾದರೂ ಬರಬೇಕಾದದ್ದನ್ನು ಆಣೆಯಲ್ಲಿಯೂ ಕೊಡಬೇಕಾದದ್ದನ್ನು ಹೊಸ ಪೈಸೆಯಲ್ಲಿಯೂ ಎಣಿಸಿ, ನಡುವೆ ಉದುರುವ ಚೂರುಪಾರನ್ನು ಗಲ್ಲಾಪೆಟ್ಟಿಗೆಗೆ ಹಾಕಿಕೊಳ್ಳುವ ಆಸಾಮಿ. ಮೇ ತಿಂಗಳ ರಜೆ ಬಂತೆಂದರೆ ಲೋಲಾಕ್ಷಿಯದು ಒಂದೇ ಹಟ: ಮಂಗಳೂರಿಗೆ ಹೋಗಿ ಕಡಲು ನೋಡಬೇಕು. ಮದುವೆಯಾದ ವರ್ಷದಿಂದ ಕೇಳುತ್ತಿದ್ದಾಳೆ. ಈ ಸಲ ಕುಶಾಲಪ್ಪ ಕರಗಿ, ‘ಆಯ್ತು, ಪ್ರವಾಸ ಹೋಗುವ’ ಎಂದ. ಎಲ್ಲಿಗೆ ಎಂದು ವಿಚಾರಿಸಿದರೆ ಕಡಬಕ್ಕೆ, ಲೋಲಾಕ್ಷಿಯ ತಮ್ಮ ಅಚ್ಚುತನ ಮನೆಗೆ, ಒಂದು ವಾರಕ್ಕೆ.

ಹೈದರ್: ಸಾಹುಕಾರ್ರೆ, ಎಂತ ಕೊಡ್ಲಿ?

ಕುಶಾಲಪ್ಪ: ಸದ್ಯಕ್ಕೆ ನೀರು ಕೊಡು ಹೈದರ್. ನಿನ್ನಲ್ಲಿ ನೀರು ಬಹಳ ಒಳ್ಳೆದು.

ಹೈದರ್: ಎಲ್ಲರೂ ಅದನ್ನೇ ಹೇಳ್ತಾರೆ. ಬಾವಿ ಬತ್ತುವ ಮೊದಲು ಬಸ್ಸು ಬಂದರೆ ನಾನು ಬಚಾವ್.

ಲೋಲಾಕ್ಷಿ: ಇಲ್ಲಿಂದ ಮಂಗಳೂರಿಗೆ ನೆಟ್ಟಗೆ ಬಸ್ಸುಂಟು. ಇಷ್ಟು ದೂರ ಬಂದಾಗಿದೆ.

ಕುಶಾಲಪ್ಪ: ಕಡಲಿನಲ್ಲಿ ಎಂತ ಉಂಟು ಹೇಳು? ಉಪ್ಪು ಮತ್ತು ನೀರು. ಉಪ್ಪು ನಮ್ಮ ಅಂಗಡಿಯಲ್ಲಿ ಮೂಟೆಗಟ್ಟಲೆ ಉಂಟು. ನೀರು ನಮ್ಮ ಪಯಸ್ವಿನಿ ಹೊಳೆಯಲ್ಲಿ ಉಂಟು. ಎರಡನ್ನೂ ಒಟ್ಟಿಗೆ ನೋಡ್ಲಿಕ್ಕೆ ಯಾರಾದರೂ ಬಸ್ಸಿಗೆ ದುಡ್ಡು ಕೊಡ್ತಾರಾ?

ಲೋಲಾಕ್ಷಿ: ಕಡಬಕ್ಕೆ ಮಾತ್ರ ಬಸ್ಸು ಧರ್ಮಕ್ಕೆ ಹೋಗ್ತದೆ ಅಲ್ವಾ?

ಕುಶಾಲಪ್ಪ: ಅಲ್ಲಿ ಒಂದು ವಾರ ಉಂಡರೆ ಟಿಕೇಟಿನ ದುಡ್ಡು ಹುಟ್ಟಿತು. ಕಡಲು ನಿನಗೆ ಊಟ ಹಾಕ್ತದಾ?

ಲೋಲಾಕ್ಷಿ: ಹೇಳದೆ ಕೇಳದೆ ಹೋಗುದಲ್ವಾ, ಒಂದು ಬಿಸ್ಕೂಟಾದರೂ ತೆಗೆದುಕೊಳ್ಳಿ ಅಂದೆ.

ಕುಶಾಲಪ್ಪ: ಹೇಳಿ ಹೋದರೆ ಅವರು ಎಲ್ಲಿಗಾದರೂ ಹೊರಟುಬಿಟ್ಟರೆ? ಮತ್ತೆ, ನೆಂಟರ ಮನೆಗೆ ಬರಿಗೈಲಿ ಹೋಗ್ಲಿಕ್ಕಾಗ್ತದಾ? ಅದಕ್ಕೇ ಮುಳ್ಳುಸೌತೆ ತಂದದ್ದು.

ಲೋಲಾಕ್ಷಿ: ಗಿರಾಕಿ ಧರ್ಮಕ್ಕೆ ಕೊಟ್ಟದ್ದು.

ಕುಶಾಲಪ್ಪ: ಸೌತೆಯ ಮೇಲೆ ಹಾಗೆಂತ ಬರೆದಿಲ್ಲವಲ್ಲ.

ಲೋಲಾಕ್ಷಿಯ ಕಣ್ಣು ಕಡಬದ ದಾರಿಯಲ್ಲೇ ನೆಟ್ಟಿತ್ತು. ಅಷ್ಟರಲ್ಲಿ ಧೂಳೆಬ್ಬಿಸುತ್ತ ಕಡಬದ ಬಸ್ಸು ಬಂತು. ಕುಶಾಲಪ್ಪ ಸೌತೆಯ ಚೀಲ ಎತ್ತಿಕೊಂಡು ಎದ್ದ. ಬಸ್ಸಿನಿಂದ ಮೊದಲು ಒಂದು ಹಲಸಿನಹಣ್ಣು ಇಳಿಯಿತು. ಹಲಸಿನಹಣ್ಣಿನ ಕೆಳಗೆ ಅಚ್ಚುತ ಇದ್ದ. ಹಿಂದೆ ಅವನ ಹೆಂಡತಿ ಶೀಲಾವತಿ. ಅವಳ ಹಿಂದೆ ಮೂವರು ಮಕ್ಕಳು.

ಐದೂ ಮಕ್ಕಳು ಬೊಬ್ಬೆ ಹಾಕುತ್ತ ಒಂದಾದರು. ‘ಬಂದಿರಾ ಅತ್ತಿಗೆ?’ ಎಂದು ಶೀಲಾವತಿ, ‘ಬಂದೆಯಾ?’ ಎಂದು ಲೋಲಾಕ್ಷಿ. ಇಬ್ಬರಿಗೂ ದೊಡ್ಡ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. ಅದನ್ನು ಗಮನಿಸುವಷ್ಟು ಪುರುಸೊತ್ತು ಕುಶಾಲಪ್ಪನಿಗಿರಲಿಲ್ಲ. ಅವನು ಹಲಸಿನಹಣ್ಣನ್ನು ನೋಡುತ್ತಿದ್ದ, ಅಚ್ಚುತ ಸೌತೆಯ ಚೀಲವನ್ನು.

ಕುಶಾಲಪ್ಪ: ಓಹೋ, ಭಾವ! ಎತ್ತ ಸವಾರಿ?

ಅಚ್ಚುತ: ಹೀಗೇ. ನೀವು ಎತ್ತ ಭಾವ?

ಕುಶಾಲಪ್ಪ: ನಾವೂ ಹೀಗೇ.

ವ್ಯಾಪಾರದಲ್ಲಿ ಮೊದಲು ಬಾಯಿ ಬಿಟ್ಟವನಿಗೆ ಲಾಭ ಕಡಿಮೆ ಎಂಬುದು ಕುಶಾಲಪ್ಪನ ಅನುಭವ. ಆದರೆ ಇದು ಎಂಥ ವ್ಯಾಪಾರ ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಅಚ್ಚುತ ಬಾಯಿ ಬಿಟ್ಟಾಗಿತ್ತು.

ಅಚ್ಚುತ: ನಿಮ್ಮಲ್ಲಿಗೇ ಹೊರಟದ್ದು ಭಾವ! ಮಕ್ಕಳಿಗೆ ರಜೆ ಅಲ್ವಾ. ಒಂದು ವಾರ ಅತ್ತೆಯ ಮನೆ ಅಂತ ಹಟ. ಬರಿಗೈಲಿ ಬರಬಾರದು ಅಂತ ಈ ಹಲಸು.

ಸೋತೆ ಎಂದು ಕುಶಾಲಪ್ಪನಿಗೆ ತಿಳಿಯಿತು. ‘ನಿಮ್ಮಲ್ಲಿಗೆ ಬರುವವರು’ ಎಂದು ಮೊದಲು ಹೇಳಿದವನು ನೆಂಟ. ಕೇಳಿದವನು ಊಟ ಹಾಕುವವನು. ಐದು ಬಾಯಿ, ಒಂದು ವಾರ. ಹೊರಡುವಾಗ ಮಕ್ಕಳ ಕೈಗೆ ಚಿಲ್ಲರೆ ಬೇರೆ. ಅವನ ಬಾಯಿ ನಕ್ಕಿತು, ಉಳಿದ ಮುಖ ನಗಲಿಲ್ಲ.

ಕುಶಾಲಪ್ಪ: ಬನ್ನಿ ಬನ್ನಿ! ಅದು ನಿಮ್ಮ ಮನೆ ಅಲ್ವಾ? ಆದರೆ ಎಂತ ಹೇಳುದು ಭಾವ... ಮಳೆಗಾಲ ಹತ್ತಿರ ಬಂತು ಅಂತ ಮಾಡಿನ ಹಂಚೆಲ್ಲ ಇಳಿಸಿ ಹಾಕಿದ್ದೇನೆ. ಮಲಗಿದರೆ ನಕ್ಷತ್ರ ಕಾಣ್ತದೆ.

ಅಚ್ಚುತ: ಒಳ್ಳೆದೇ ಆಯ್ತು. ಈ ಸೆಕೆಗೆ ಗಾಳಿ ಬರ್ತದೆ.

ಕುಶಾಲಪ್ಪ: ಬಾವಿಯಲ್ಲಿ ನೀರು ತಳ ಕಂಡಿದೆ.

ಅಚ್ಚುತ: ಪಯಸ್ವಿನಿ ಉಂಟಲ್ಲ. ಮಕ್ಕಳಿಗೆ ಹೊಳೆಸ್ನಾನ ಅಂದರೆ ಜೀವ.

ಕುಶಾಲಪ್ಪ: ಅದಕ್ಕೇ ಭಾವ, ನಿಮಗೆ ಯಾಕೆ ಉಪದ್ರ ಅಂತ ನಾವೇ ನಿಮ್ಮಲ್ಲಿಗೆ ಹೊರಟದ್ದು! ನೋಡಿ, ಮುಳ್ಳುಸೌತೆ ಸಮೇತ.

ಈಗ ಅಚ್ಚುತನ ಸರದಿ. ಹಲಸಿನಹಣ್ಣು ಅವನ ಹೆಗಲಿನಿಂದ ಮೆಲ್ಲನೆ ನೆಲಕ್ಕಿಳಿಯಿತು.

ಅಚ್ಚುತ: ಬನ್ನಿ ಭಾವ, ನಮಗೆ ಅದಕ್ಕಿಂತ ಸಂತೋಷ ಉಂಟಾ? ಆದರೆ ನಮ್ಮ ಅಡುಗೆಕೋಣೆಯಲ್ಲಿ ನಾಗರಹಾವು ಬಂದು ಕೂತಿದೆ.

ಕುಶಾಲಪ್ಪ: ಹಾವಾ?

ಅಚ್ಚುತ: ಅಕ್ಕಿ ಮುಡಿಯ ಹಿಂದೆ. ಓಡಿಸ್ಲಿಕ್ಕೆ ಉಂಟಾ, ನಾಗ ಅಲ್ವಾ? ಜೋಯಿಸರಲ್ಲಿ ಪ್ರಶ್ನೆ ಇಡಬೇಕು. ಅಲ್ಲಿಯವರೆಗೆ ಕೋಳಿ ಗೀಳಿ ಎಲ್ಲ ಬಂದ್. ಒಲೆಯೇ ಹೊತ್ತಿಸುದಿಲ್ಲ.

ಕುಶಾಲಪ್ಪ: ಹಾಗಾದರೆ ನೀವು ಊಟ ಎಲ್ಲಿ ಮಾಡುದು ಮಾರಾಯ್ರೆ?

ಅಚ್ಚುತ: ಅದಕ್ಕೇ ಅಲ್ವಾ ನಿಮ್ಮಲ್ಲಿಗೆ ಹೊರಟದ್ದು!

ಹೈದರ್ (ಒಳಗಿನಿಂದ): ಹಾವಿಗೆ ಗೊತ್ತುಂಟಾ, ನೀವು ಬಾಗಿಲಿಗೆ ಬೀಗ ಹಾಕಿ ಬಂದದ್ದು?

ಅಚ್ಚುತ: ನೀನು ಚಾ ಮಾಡು ಮಾರಾಯ.

ಹೈದರ್: ಮಾಡ್ತಾ ಇದ್ದೇನೆ. ನಿಮಗಲ್ಲ.

ಬೆಂಚಿನ ಆಚೆ ತುದಿಯಲ್ಲಿ ಲೋಲಾಕ್ಷಿ ಮತ್ತು ಶೀಲಾವತಿ ತಲೆಗೆ ತಲೆ ತಾಗಿಸಿ ಕುಳಿತಿದ್ದರು. ಅವರ ನಡುವೆ ಎಣ್ಣೆಯಲ್ಲಿ ಕರಿದ ಬಿಸಿ ಬಾಳೆಕಾಯಿ ಪೋಡಿಯ ಒಂದು ಬಟ್ಟಲು ಯಾವ ಮಾಯದಲ್ಲೋ ಬಂದು ಕೂತಿತ್ತು. ಕುಶಾಲಪ್ಪ ಅದನ್ನು ಕಂಡ. ಆದರೆ ಈಗ ಪೋಡಿಯ ಮಾತೆತ್ತುವ ಹೊತ್ತಲ್ಲ, ಸಾಕ್ಷಿಯ ಹೊತ್ತು.

ಕುಶಾಲಪ್ಪ: ಹೇಳು ಮಾರಾಯ್ತಿ, ನಮ್ಮ ಮನೆಯ ಅವಸ್ಥೆ ಹೇಳು ನಿನ್ನ ತಮ್ಮನಿಗೆ.

ಅವನಿಗೆ ಒಳಗೊಳಗೇ ಅಳುಕಿತ್ತು. ಹೆಂಡತಿಗೆ ತಮ್ಮನೆಂದರೆ ಪ್ರಾಣ, ಎಲ್ಲಿ ಹಂಚನ್ನು ಮಾಡಿಗೆ ಏರಿಸಿಬಿಡುತ್ತಾಳೋ ಎಂದು. ಲೋಲಾಕ್ಷಿ ಪೋಡಿಯನ್ನು ನಿಧಾನವಾಗಿ ಜಗಿದು ನುಂಗಿದಳು.

ಲೋಲಾಕ್ಷಿ: ಹೌದು ಅಚ್ಚುತ. ಹಂಚು ಮಾತ್ರವಾ? ಹಂಚಿನಡಿಯ ಮರದ ಪಕ್ಕಾಸೂ ಗೆದ್ದಲು ಹಿಡಿದು ಉದುರ್ತಾ ಉಂಟು. ಮೊನ್ನೆ ಬಾವಿಗೆ ಬೆಕ್ಕು ಬಿದ್ದಿದೆ. ಇನ್ನೂ ತೆಗೆಯಲಿಲ್ಲ.

ಕುಶಾಲಪ್ಪನ ಎದೆ ಉಬ್ಬಿತು. ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿ ಹೀಗೆ ತನ್ನ ಬೆನ್ನಿಗೆ ನಿಂತದ್ದು ಇದೇ ಮೊದಲು. ಬೆಕ್ಕು ಅವನಿಗೇ ಹೊಳೆದಿರಲಿಲ್ಲ.

ಅಚ್ಚುತ: ಶೀಲಾ, ನೀನೂ ಹೇಳು ನಮ್ಮ ಹಾವಿನ ಕತೆ.

ಶೀಲಾವತಿ: ಒಂದಲ್ಲ ಅಣ್ಣ, ಜೋಡಿ ಹಾವು. ಕೆಲಸದ ಸೀತು ಹೆದರಿ ಓಡಿದವಳು ತಿರುಗಿ ಬರ್ಲಿಲ್ಲ. ಹಟ್ಟಿಯ ದನವೂ ಹಾಲು ಕೊಡುದಿಲ್ಲ. ಆ ಮನೆಯಲ್ಲಿ ಮನುಷ್ಯರು ಇರ್ಲಿಕ್ಕೆ ಸಾಧ್ಯವೇ ಇಲ್ಲ.

ಅಚ್ಚುತನೂ ಹೆಮ್ಮೆಯಿಂದ ಕುಶಾಲಪ್ಪನ ಮುಖ ನೋಡಿದ. ‘ಈಗ ಎಂತ ಹೇಳ್ತೀರಿ?’ ಎಂಬಂತೆ.

ಲೋಲಾಕ್ಷಿ: ಹಾಗಾದರೆ ಇತ್ಯರ್ಥ ಆಯ್ತು. ನಮ್ಮಲ್ಲಿ ಮಾಡಿಗೆ ಹಂಚಿಲ್ಲ, ಬಾವಿಯಲ್ಲಿ ನೀರಿಲ್ಲ. ನಿಮ್ಮಲ್ಲಿ ಒಲೆ ಇಲ್ಲ, ಹಾಲಿಲ್ಲ. ಇಬ್ಬರು ಯಜಮಾನರೂ ಬಾಯಾರೆ ಹೇಳಿದ್ದಾರೆ. ಹೈದರ್, ಮಂಗಳೂರಿನ ಬಸ್ಸು ಎಷ್ಟು ಹೊತ್ತಿಗೆ?

ಹೈದರ್: ಈಗ ಬರ್ತದೆ ಅಮ್ಮ. ಹಾರನ್ ಕೇಳ್ತಾ ಉಂಟು.

ಕುಶಾಲಪ್ಪ: ಮಂಗಳೂರಾ? ಎಂತಕ್ಕೆ?

ಲೋಲಾಕ್ಷಿ: ಮತ್ತೆಲ್ಲಿಗೆ ಹೋಗುದು? ಹಂಚಿಲ್ಲದ ಮನೆಗಾ, ಹಾವಿನ ಮನೆಗಾ?

ಕುಶಾಲಪ್ಪ: ಹಂಚು... ಹಂಚು ಇಳಿಸಿದ್ದು ಒಂದು ಬದಿಯದ್ದು ಮಾತ್ರ.

ಲೋಲಾಕ್ಷಿ: ಹೌದಾ? ಹಾಗಾದರೆ ಇನ್ನೊಂದು ಬದಿಯಲ್ಲಿ ಐದು ಜನ ಮಲಗ್ಲಿಕ್ಕೆ ಆಗ್ತದೆ. ಅಚ್ಚುತ, ಹೊರಡಿ ಸುಳ್ಯಕ್ಕೆ.

ಕುಶಾಲಪ್ಪ: ಅಲ್ಲ ಅಲ್ಲ, ಎರಡು ಬದಿಯದ್ದೂ!

ಅಚ್ಚುತ: ಅಕ್ಕ, ಆ ಹಾವು ಬಹುಶಃ ಕೇರೆ ಇರಬೇಕು...

ಶೀಲಾವತಿ: ಕೇರೆಯಾದರೆ ಭಯ ಇಲ್ಲ. ಅತ್ತಿಗೆ, ನೀವೆಲ್ಲ ಕಡಬಕ್ಕೆ ಬನ್ನಿ. ಇವರೇ ಕೋಳಿ ಹಿಡಿದು ಕೊಡ್ತಾರೆ.

ಅಚ್ಚುತ: ನಾಗರವೇ! ನಾನು ಹೆಡೆ ನೋಡಿದ್ದೇನೆ!

ಭಾವಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾವನು ಮೊದಲು ನಿಜ ಹೇಳುತ್ತಾನೋ ಅವನ ಮನೆಯಲ್ಲಿ ಒಂದು ವಾರ ಜಾತ್ರೆ. ಕುಶಾಲಪ್ಪ ಕಣ್ಣು ಮುಚ್ಚಿ ತೂಗಿ ನೋಡಿದ: ಒಂದು ತಟ್ಟೆಯಲ್ಲಿ ವಾರದ ನೆಂಟಸ್ತಿಕೆ, ಇನ್ನೊಂದರಲ್ಲಿ ಒಂದು ಹಗಲಿನ ಮಂಗಳೂರು. ತಕ್ಕಡಿ ಅವನಿಗೆ ಎಂದೂ ಸುಳ್ಳು ಹೇಳಿದ್ದಿಲ್ಲ. ಅವನು ತಕ್ಕಡಿಯಿಂದ ಎಷ್ಟೋ ಸಲ ಸುಳ್ಳು ಹೇಳಿಸಿದ್ದ, ಅದು ಬೇರೆ ಮಾತು.

ಕುಶಾಲಪ್ಪ: ನಾನು ಬೆಳಿಗ್ಗೆಯಿಂದ ಅದೇ ಯೋಚನೆ ಮಾಡ್ತಾ ಇದ್ದೆ ಭಾವ. ಮಕ್ಕಳಿಗೆ ಒಮ್ಮೆ ಕಡಲು ತೋರಿಸಬೇಕು. ಸಂಜೆಯ ಬಸ್ಸಿಗೆ ತಿರುಗಿ ಬಂದರಾಯ್ತು. ಟಿಕೇಟು ಮಾತ್ರ ಅವರವರದ್ದು.

ಲೋಲಾಕ್ಷಿ: ರಾತ್ರಿ ನಾವು ಬರುವಷ್ಟು ಹೊತ್ತಿಗೆ ಹಂಚೆಲ್ಲ ತಾನೇ ಹತ್ತಿ ಕೂತಿರ್ತದೆ.

ಹೈದರ್: ಪೋಡಿ ಮತ್ತು ಚಾದ್ದು ಯಾರು ಕೊಡುದು?

ಇಬ್ಬರು ಭಾವಂದಿರೂ ‘ನಾನು, ನಾನು’ ಎನ್ನುತ್ತ ಕಿಸೆಗೆ ಕೈ ಹಾಕಿದರು. ಹಾಕಿದ ಕೈ ಹೊರಗೆ ಬರಲಿಲ್ಲ.

ಹೈದರ್: ಇಬ್ಬರ ಕೈಯೂ ಒಳಗೇ ಸಿಕ್ಕಿಕೊಂಡಿದೆ. ಡಾಕ್ಟ್ರನ್ನು ಕರೀಲಾ?

ಬಸ್ಸಿನ ಹಾರನ್ ಮತ್ತೊಮ್ಮೆ ಕೂಗಿದ್ದರಿಂದ ಅರ್ಧರ್ಧ ಎಂದು ತೀರ್ಮಾನವಾಯಿತು. ಹಲಸಿನಹಣ್ಣನ್ನು ಬಸ್ಸಿನ ಮೇಲೆ ಏರಿಸಿದರು. ಸೌತೆಯ ಚೀಲವನ್ನು ಕುಶಾಲಪ್ಪ ಮಡಿಲಲ್ಲೇ ಇಟ್ಟುಕೊಂಡ. ಪಾಣೆಮಂಗಳೂರಿನ ಸೇತುವೆ ದಾಟುವಾಗ ಅವನ ತಲೆಯಲ್ಲಿ ಒಂದು ಸಂಶಯ ಎದ್ದು ಕುಳಿತಿತು.

ಕುಶಾಲಪ್ಪ: ಅಲ್ಲ, ಮಂಗಳವಾರವೇ ಹೊರಡುವ ಅಂತ ಹೇಳಿದ್ದು ನೀನಲ್ವಾ?

ಲೋಲಾಕ್ಷಿ: ಹೌದು.

ಕುಶಾಲಪ್ಪ: ಅಚ್ಚುತನಿಗೆ ಹೇಳಿದ್ದು ಯಾರು?

ಲೋಲಾಕ್ಷಿ: ಅವನ ಹೆಂಡತಿ. ಹೋದ ತಿಂಗಳ ಮದುವೆಯಲ್ಲಿ ನೀವಿಬ್ಬರೂ ಮುಯ್ಯಿ ಎಷ್ಟು ಕಡಿಮೆ ಮಾಡ್ಲಿಕ್ಕೆ ಆಗ್ತದೆ ಅಂತ ಮೂಲೆಯಲ್ಲಿ ಮಾತಾಡ್ತಾ ಇದ್ದಿರಲ್ಲ, ಆಗ ನಾವು ದಿನ ಗೊತ್ತು ಮಾಡಿದೆವು.

ಕುಶಾಲಪ್ಪ: ಅಂದರೆ ಇದೆಲ್ಲ ನಿಮ್ಮದೇ ಆಟ!

ಲೋಲಾಕ್ಷಿ: ನಾವು ದಿನ ಮಾತ್ರ ಗೊತ್ತು ಮಾಡಿದ್ದು. ಹಂಚು ಇಳಿಸಿದ್ದು ನೀವು, ಹಾವು ಬಿಟ್ಟದ್ದು ಅವನು.

ಕುಶಾಲಪ್ಪ: ಬೆಕ್ಕು?

ಲೋಲಾಕ್ಷಿ: ಬೆಕ್ಕು ನನ್ನದು.

ಮಂಗಳೂರಿನ ಕಡಲ ತಡಿಯಲ್ಲಿ ಮಕ್ಕಳು ನೀರಿಗೆ ಓಡಿದರು. ಲೋಲಾಕ್ಷಿ ಮಾತ್ರ ಓಡಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ನೋಡುತ್ತಲೇ ಇದ್ದಳು. ಬಹಳ ಹೊತ್ತು. ಗಂಡನನ್ನು ಕೆಣಕುವುದನ್ನೂ ಮರೆತಿದ್ದಳು. ದೂರದಲ್ಲಿ ಒಣ ಮರಳಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಕುಳಿತಿದ್ದ ಕುಶಾಲಪ್ಪನಿಗೆ ಅದು ಯಾಕೋ ಸರಿ ಕಾಣಲಿಲ್ಲ. ಎದ್ದು ಹತ್ತಿರ ಬಂದ.

ಕುಶಾಲಪ್ಪ: ಎಂತ, ಮಾತೇ ಇಲ್ಲ?

ಲೋಲಾಕ್ಷಿ: ಇಷ್ಟು ಉಂಟು ಅಂತ ಗೊತ್ತಿರ್ಲಿಲ್ಲ.

ಅಷ್ಟರಲ್ಲಿ ಮಕ್ಕಳು ಸುತ್ತುಗಟ್ಟಿದರು. ಹಸಿವು, ಮುಳ್ಳುಸೌತೆ ಬೇಕು, ಅದಕ್ಕೆ ಉಪ್ಪೂ ಬೇಕು. ಸುಳ್ಯ ಪೇಟೆಗೆಲ್ಲ ಉಪ್ಪು ಮಾರುವ ಕುಶಾಲಪ್ಪ ಒಂದು ಹರಳನ್ನೂ ತಂದಿರಲಿಲ್ಲ.

ಕುಶಾಲಪ್ಪ: ಉಪ್ಪು ಎಂತಕ್ಕೆ ತರುದು? ಇದೆಲ್ಲ ಎಂತ ಮತ್ತೆ? ಮುಳುಗಿಸಿ ತಿಂದರಾಯ್ತು. ನೋಡಿದಿರಾ ಭಾವ, ಉಪ್ಪಿನ ಖರ್ಚೂ ಉಳೀತು!

ಅವನು ಕಚ್ಚೆ ಕಟ್ಟಿ, ಚೀಲ ಸಮೇತ ಮೊಣಕಾಲಿನವರೆಗೆ ನೀರಿಗಿಳಿದು, ಮೊದಲ ಸೌತೆಯನ್ನು ಗಂಭೀರವಾಗಿ ಅದ್ದಿದ. ಹಿಂದಿನಿಂದ ಬಂದ ದೊಡ್ಡ ತೆರೆಯೊಂದು ಅವನನ್ನು ತಲೆಯಿಂದ ಕಾಲಿನವರೆಗೆ ತೋಯಿಸಿ, ತಿರುಗಿ ಹೋಗುವಾಗ ಚೀಲವನ್ನು ಎಳೆದುಕೊಂಡು ಹೋಯಿತು. ಮುಳ್ಳುಸೌತೆಗಳು ಒಂದರ ಹಿಂದೆ ಒಂದು ತೇಲುತ್ತ ಪಡುವಣಕ್ಕೆ ಹೊರಟವು.

ಕುಶಾಲಪ್ಪ: ಅಯ್ಯೋ, ಹಿಡಿಯಿರಿ! ಭಾವ, ಹಿಡಿಯಿರಿ ಮಾರಾಯ್ರೆ!

ಲೋಲಾಕ್ಷಿ ಸೀರೆಯ ನೆರಿಗೆ ಬಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಲೋಲಾಕ್ಷಿ: ಬಿಡಿ, ಹೋಗ್ಲಿ! ಮೊದಲ ಸಲ ಬಂದದ್ದಲ್ವಾ ಕಡಲಿನ ಮನೆಗೆ? ಬರಿಗೈಲಿ ಬರ್ಲಿಕ್ಕಾಗ್ತದಾ?