ಅಂಜಲ್ ತಲೆಗೆ ಮೂರು ಪಾಲು

ಜಗತ್ತು ಚೂರುಚೂರಾಗಿದೆ ಎಂದು ಯಾರಾದರೂ ಹೇಳಿದರೆ ಈಗೀಗ ನನಗೆ ಮೈಯೆಲ್ಲ ಉರಿಯುತ್ತದೆ. ಮಾತು ಸುಳ್ಳೆಂದಲ್ಲ. ಹೇಳುವವರ ಮುಖದಲ್ಲಿ ಒಂದು ಸಂತೋಷ ಇರುತ್ತದಲ್ಲ, ಅದಕ್ಕೆ. ಮಣಿಪಾಲದಲ್ಲಿ ನಾನು ಸಂಶೋಧನೆ ಮಾಡುತ್ತಿರುವುದೂ ಇದೇ ವಿಷಯದ ಮೇಲೆ. ನನ್ನ ಮಾರ್ಗದರ್ಶಕಿ ಮೇಡಂ ಚಹಾ ಹೀರುತ್ತ, "ಯಾವುದಕ್ಕೂ ಕೇಂದ್ರ ಅನ್ನುವುದಿಲ್ಲ. 'ನಾನು' ಅನ್ನುವುದೂ ಒಂದಲ್ಲ, ತುಣುಕುಗಳ ಕಟ್ಟು" ಎನ್ನುತ್ತಾರೆ. ನಾನು ತಾರೀಕು ಹಾಕಿ, ಗೆರೆ ಎಳೆದು ಬರೆದುಕೊಳ್ಳುತ್ತೇನೆ. ದಿನಚರಿ ನನ್ನ ಚಟ. ಓದಿದ ಪುಟಕ್ಕೆ, ಕುಡಿದ ಚಹಾಕ್ಕೆ, ಅಮ್ಮ ಬೈದದ್ದಕ್ಕೆ, ಎಲ್ಲದಕ್ಕೂ ಅದರಲ್ಲಿ ಒಂದೊಂದು ಖಾನೆ. ತುಣುಕುಗಳ ಬಗ್ಗೆ ಇಷ್ಟು ಒಪ್ಪವಾಗಿ ಬರೆದಿಟ್ಟವರು ಜಿಲ್ಲೆಯಲ್ಲಿ ಬೇರೆ ಇರಲಾರರು. ಆ ತತ್ತ್ವ ನಮ್ಮ ಅಡುಗೆ ಕೋಣೆಗೆ ಕಾಲಿಡುವವರೆಗೂ ನನಗದು ಚೆಂದವೇ ಇತ್ತು.

ಅಮ್ಮನಿಗೆ ಒಬ್ಬ ಅಕ್ಕ, ಒಬ್ಬ ತಂಗಿ. ನಾವಿರುವುದು ಬನ್ನಂಜೆಯಲ್ಲಿ, ದೊಡ್ಡಮ್ಮ ಕಾಪುವಿನಲ್ಲಿ, ಚಿಕ್ಕಮ್ಮ ಕಾರ್ಕಳದಲ್ಲಿ. ಇವರ ತಮ್ಮ, ಅಂದರೆ ನನ್ನ ಮಾವ, ಮಲ್ಪೆಯಲ್ಲಿ ಮೀನು ವ್ಯಾಪಾರಿ. ತಿಂಗಳಿಗೊಂದು ಭಾನುವಾರ ಬೆಳಗಿನ ಏಲಂನಲ್ಲಿ ಮಾವ ಕೂಗಿ ಒಂದು ದೊಡ್ಡ ಅಂಜಲ್ ಮೀನು ಕೊಳ್ಳುತ್ತಾರೆ. ಮೈಯ ತುಂಡುಗಳನ್ನು ಮೂರು ಮನೆಗೆ ಹಂಚಬಹುದು, ತಲೆಯನ್ನು ಮಾತ್ರ ಹಂಚುವ ಹಾಗಿಲ್ಲ. ಅದು ಹಿರಿಯರಾದ ದೊಡ್ಡಮ್ಮನಿಗೆ. ಅವರು ಮಣ್ಣಿನ ಮಡಕೆಯಲ್ಲಿ ಹುಳಿ, ಮೆಣಸು ಅರೆದು ಹಾಕಿ ಅದರ ಪುಳಿಮುಂಚಿ ಮಾಡುತ್ತಾರೆ, ಉಳಿದವರು ತಲೆಯ ಆಸೆಗೆ ಕಾಪುವಿಗೆ ಹೋಗುತ್ತೇವೆ. ಹೋದಮೇಲೆ ಜಗಳ, ನಗು, ಯಾರದೋ ಮದುವೆಯ ಮಾತು, ಎಲ್ಲ ಆಗುತ್ತದೆ. ಮೇಡಂ ಇಲ್ಲವೆನ್ನುವ ಕೇಂದ್ರ ನಮ್ಮ ಕುಟುಂಬಕ್ಕೆ ಇತ್ತು. ಅದಕ್ಕೆ ಹಲ್ಲುಗಳೂ ಇದ್ದವು.

ಕಳೆದ ತಿಂಗಳು ಚಿಕ್ಕಮ್ಮ ಮಾವನಿಗೆ ಫೋನ್ ಮಾಡಿದರು. "ತಲೆ ಯಾವಾಗಲೂ ಅಕ್ಕನಿಗೇ ಯಾಕೆ? ನಾವೆಂತ ಬಾಲದಿಂದ ಹುಟ್ಟಿದವರಾ? ಸಮ ಪಾಲು ಮಾಡಿ ಐಸ್ ಹಾಕಿ ಕಳಿಸು."

ಮಾವ ನ್ಯಾಯವಂತರು. ತಲೆಯನ್ನು ಸರಿಯಾಗಿ ಮೂರು ಪಾಲು ಮಾಡಿಸಿ ಮೂರು ಡಬ್ಬಿಗಳಲ್ಲಿ ಕಳಿಸಿಯೇಬಿಟ್ಟರು. ತಲೆಯಲ್ಲಿ ಎಲ್ಲರಿಗೂ ಬೇಕಾದದ್ದು ಕಣ್ಣು; ಮೀನಿಗೆ ಕಣ್ಣು ಎರಡು, ಅಕ್ಕತಂಗಿಯರು ಮೂವರು ಎಂಬುದು ಅವರಿಗೆ ಹೊಳೆಯಲಿಲ್ಲ. ಕಣ್ಣಿಲ್ಲದ ಪಾಲು ಹೋದದ್ದು ಕಾಪುವಿಗೆ.

"ಇಷ್ಟು ವರ್ಷ ನಿಮಗೆಲ್ಲ ಕಣ್ಣು ಬಡಿಸಿದವಳಿಗೆ ಕಿವಿರು ಕಳಿಸಿದ್ದಾ?" ಎಂದು ದೊಡ್ಡಮ್ಮ ಅಮ್ಮನ ಮೇಲೆ ಹರಿಹಾಯ್ದರು. "ಇನ್ನು ಆ ಮಡಕೆ ನನಗೆಂತಕ್ಕೆ? ಮುಂದಿನ ತಿಂಗಳು ಅದರಲ್ಲಿ ಮಲ್ಲಿಗೆ ಗಿಡ ನೆಡ್ತೇನೆ." ಮಾತು ನಡೆದದ್ದು ತುಳುವಿನಲ್ಲಿ, ಕನ್ನಡಕ್ಕೆ ತರುವಾಗ ಖಾರ ಅರ್ಧ ಇಳಿದಿದೆ. ಆಮೇಲೆ ಅವರು ಕುಟುಂಬದ ವಾಟ್ಸಾಪ್ ಗುಂಪಿನಿಂದ ಹೊರನಡೆದರು. ಅವರನ್ನು ಬಿಟ್ಟು ಚಿಕ್ಕಮ್ಮ ಒಂದು ಗುಂಪು ಮಾಡಿದರು, ಚಿಕ್ಕಮ್ಮನನ್ನು ಬಿಟ್ಟು ಅಮ್ಮ ಇನ್ನೊಂದು. ಎಲ್ಲದರಲ್ಲೂ ನಾನಿದ್ದೆ. ಒಂದರಲ್ಲಿ ಬಂದ ಬೈಗುಳ ಇನ್ನೊಂದಕ್ಕೆ ಹೋಗದಂತೆ ನೋಡಿಕೊಳ್ಳುವುದರಲ್ಲೇ ನನ್ನ ಸಂಶೋಧನೆಯ ಹೊತ್ತು ಕಳೆಯಿತು.

ಸಿಟ್ಟು ತಡೆಯದೆ ಮೇಡಂ ಹತ್ತಿರವೇ ಕೇಳಿದೆ: "ಕೇಂದ್ರ ಇಲ್ಲ ಅಂದರೆ ಜನ ಊಟಕ್ಕೆ ಎಲ್ಲಿ ಸೇರುವುದು ಮೇಡಂ?"

"ಒಳ್ಳೆಯ ಪ್ರಶ್ನೆ. ಎರಡನೇ ಅಧ್ಯಾಯಕ್ಕೆ ಸೇರಿಸಿ" ಎಂದರು.

ಆ ಮಡಕೆಯಲ್ಲಿ ಮಲ್ಲಿಗೆ ಅರಳಲು ನಾನು ಬಿಡುವವಳಲ್ಲ. ದೊಡ್ಡಮ್ಮನಿಗೆ, ಚಿಕ್ಕಮ್ಮ ನಿಮ್ಮನ್ನು ನೆನೆದು ಅತ್ತರು ಎಂದೆ. ಚಿಕ್ಕಮ್ಮನಿಗೆ, ದೊಡ್ಡಮ್ಮ ಒಂದು ಕಣ್ಣು ನಿಮಗೆಂದೇ ತೆಗೆದಿಡುತ್ತಾರಂತೆ ಎಂದೆ. ಎರಡೂ ಸುಳ್ಳು. ಮಾವನಿಗೆ, ತಲೆ ಒಂದೇ ಡಬ್ಬಿಯಲ್ಲಿ ಕಾಪುವಿಗೇ ಹೋಗಬೇಕು ಎಂದು ತಾಕೀತು ಮಾಡಿದೆ. "ಆಯ್ತು ಮಾರಾಯ್ತಿ, ನನ್ನ ತಲೆ ಉಳಿದರೆ ಸಾಕು" ಎಂದರು ಮಾವ. ಕೊನೆಗೆ ಎಲ್ಲರಿಗೂ ಒಂದು ಕಟ್ಟಳೆ ಬರೆದು ಕಳಿಸಿದೆ: ಬಾಗಿಲಲ್ಲಿ ಅಕ್ಕಿ ಅಳೆಯುವ ಸೇರು ಇಟ್ಟಿರುತ್ತೇನೆ, ಫೋನುಗಳನ್ನು ಅದಕ್ಕೆ ಹಾಕಿಯೇ ಒಳಗೆ ಬರಬೇಕು. ಅರ್ಧ ಬರುವವರು ಬರುವುದೇ ಬೇಡ, ಬಂದರೆ ಇಡಿಯಾಗಿ ಬನ್ನಿ.

ಈ ತಿಂಗಳ ಭಾನುವಾರ ಎಲ್ಲರೂ ಕಾಪುವಿಗೆ ಬಂದರು. ಮಾವನ ಫೋನು, ಅಮ್ಮನ ಫೋನು, ಚಿಕ್ಕಮ್ಮನ ಎರಡು ಫೋನು, ಎಲ್ಲ ಸೇರಿಗೆ ಬಿದ್ದವು. ಅಕ್ಕತಂಗಿಯರು ಮೊದಲು ಬೇರೆಬೇರೆ ಗೋಡೆ ನೋಡುತ್ತ ಕೂತರು. ಒಲೆಯ ಮೇಲಿನ ಮಡಕೆಯಿಂದ ಪರಿಮಳ ಬಂದದ್ದೇ ಚಿಕ್ಕಮ್ಮ, "ಅಕ್ಕ, ಹುಳಿ ಸ್ವಲ್ಪ ಹೆಚ್ಚಾಯ್ತಾ ಎಂತ?" ಎಂದರು. "ನಿನ್ನ ನಾಲಗೆಗಿಂತ ಕಡಿಮೆಯೇ" ಎಂದರು ದೊಡ್ಡಮ್ಮ. ಅಲ್ಲಿಗೆ ರಾಜಿಯಾಯಿತು.

ಆ ಹೊತ್ತಿಗೇ ಮೇಡಂ ಒಂದು ಆನ್‌ಲೈನ್ ವಿಚಾರಗೋಷ್ಠಿ ಇಟ್ಟಿದ್ದರು. ವಿಷಯ: ಛಿದ್ರಗೊಂಡ ಸಮಾಜ. ನಾನಿಲ್ಲದೆ ಆಗುವುದಿಲ್ಲ ಎಂದಿದ್ದರು. ಸೇರಿಗೆ ಬೀಳದೆ ಉಳಿದ ಒಂದೇ ಒಂದು ಫೋನು ನನ್ನ ತೊಡೆಯ ಕೆಳಗಿತ್ತು, ಅದರ ಇಯರ್‌ಫೋನು ಕೂದಲ ಮರೆಯ ಕಿವಿಯಲ್ಲಿ. ಯಾರಿಗೂ ಗೊತ್ತಿಲ್ಲವೆಂದೇ ನಂಬಿದ್ದೆ.

ದೊಡ್ಡಮ್ಮ ಬಡಿಸುತ್ತ ಬಂದರು. ಚಿಕ್ಕಮ್ಮನ ಎಲೆಗೆ ನಿಜವಾಗಿಯೂ ಒಂದು ಕಣ್ಣು ಬಿತ್ತು. ನನ್ನ ಎಲೆಗೆ ಬಾಲದ ತುಂಡು.

"ದೊಡ್ಡಮ್ಮ, ಇಷ್ಟೆಲ್ಲ ಓಡಾಡಿದ್ದು ನಾನಲ್ವಾ? ಇನ್ನೊಂದು ಕಣ್ಣು ನನಗೆ."

"ಕೊಡ್ತೇನೆ ಮಗಾ. ನೀನು ಬಂದ ಮೇಲೆ."

ಬಂದಿದ್ದೇನಲ್ಲ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಕಿವಿಯೊಳಗಿಂದ ಮೇಡಂ, "ನೀವು ಇದ್ದೀರಾ?" ಎಂದರು.

"ಇದ್ದೇನೆ ಮೇಡಂ!" ಎಂದು ಕೂಗಿಬಿಟ್ಟೆ.

ಎಲ್ಲರೂ ನನ್ನನ್ನೇ ನೋಡಿದರು. ಮಡಕೆಯಲ್ಲಿ ಉಳಿದಿದ್ದ ಆ ಒಂದು ಕಣ್ಣೂ.