ಕುರಿ ಎಂದರೇನು ಎಂದು ಏಜೆಂಟ್ ಕೇಳಿದ ಪ್ರಯುಕ್ತ

ಮೊದಲು ಒಂದು ಒಗಟು. ಕಾಲು ಎರಡು, ಮೈಮೇಲೆ ಇಸ್ತ್ರಿ ಅಂಗಿ, ಕಿವಿಯಲ್ಲಿ ಹಳದಿ ಬಿಲ್ಲೆ, ಹೊತ್ತಿಗೆ ಸರಿಯಾಗಿ ಚಹಾ. ಯಾವ ಕುರಿ? ತಲೆ ಕೆರೆದುಕೊಳ್ಳಬೇಡಿ. ಗೋಕಾಕದ ಶಾಣ್ಯಾರಿಗೇ ಹೊಳೆದಿಲ್ಲ, ನಿಮಗೆಲ್ಲಿ ಹೊಳೀತೈತಿ.

ಮೂಡಲಗಿಯ ಕುರಿ ಕ್ಷೇಮ ಕಚೇರಿಯಲ್ಲಿ ಸ್ಪಷ್ಟತೆಯನ್ನು ಜಾರಿಗೆ ತರಲಾಯಿತು ಎಂಬುದನ್ನು ಈ ಮೂಲಕ ಸರ್ವರಿಗೂ ತಿಳಿಯಪಡಿಸಲಾಗಿದೆ. ಗೋಕಾಕದ ಮೇಲಿನ ಕಚೇರಿಯವರು ಕಂಪ್ಯೂಟರಿನೊಳಗೆ ಒಂದು ಎಐ ಏಜೆಂಟ್ ಕೂಡಿಸಿದ್ದರು. ಲಸಿಕೆ ಮಂಜೂರು ಮಾಡುವ ಟೂಲು, ಕಿವಿಗೆ ಬಿಲ್ಲೆ ಕೊಡುವ ಟೂಲು ಎಲ್ಲ ಅದರ ಕೈಗೆ. ಆದರೆ ಯಾವ ಟೂಲು ಏನು ಮಾಡುತ್ತದೆ, ಯಾವ ಖಾನೆಗೆ ಏನು ತುಂಬಬೇಕು ಎಂದು ಬಿಡಿಸಿ ಬರೆದುಕೊಟ್ಟರಷ್ಟೇ ಅದು ಕೆಲಸ ಮಾಡುವುದು. ಬಿಡಿಸಿ ಬರೆಯುವ ರೂಢಿ ಆ ಕಚೇರಿಗೆ ಇರಲಿಲ್ಲವಾದ ಕಾರಣ, ಬರೆದು ಮುಗಿಯುವ ತನಕ ಲಸಿಕೆ ಬಂದ್.

ಕಲ್ಲೋಳಿಯ ಶೆಟ್ಟೆವ್ವ ಮುಂಜಾನೆಯಿಂದ ಬಾಕಿನ ಮೇಲೆ ಕುಂತಿದ್ದು ಇದಕ್ಕೇ. ಅಂಕಲಗಿ ಕಡೆಯ ಹಿಂಡುಗಳಲ್ಲಿ ನೀಲಿನಾಲಿಗೆ ಬ್ಯಾನಿ ಎದ್ದಿತ್ತು. ಅದು ಕಲ್ಲೋಳಿಗೆ ಬರುವುದರೊಳಗೆ ಲಸಿಕೆ ಬೀಳದಿದ್ದರೆ ಅವಳ ದೊಡ್ಡಿ ಬರಿದಾಗುವುದು ಖಾತ್ರಿ.

‘ಏಜೆಂಟಗ ಏನರ ಕೊಡಬೇಕೇನ್ರಿ, ಸಾಹೇಬ್ರ?’ ಎಂದಳು.

‘ಛೇ ಛೇ, ಇಂವಾ ಚಹಾ ಸುದ್ದಾ ಕುಡಿಯಾಂಗಿಲ್ಲ,’ ಎಂದರು ಬಾಳೇಶ ಸಾಹೇಬರು, ಬೇಸರದಿಂದ.

ಹುಕ್ಕೇರಿಯಿಂದ ದಿನಾ ಬಸ್ಸಿಗೆ ಬರುವ ಆಪರೇಟರ್ ಪೂನಮ್ ಗುಂಡಿ ಒತ್ತಿದಳು. ಏಜೆಂಟ್ ಗಂಭೀರವಾಗಿ ನುಡಿಯಿತು: ‘ಕುರಿಗಳ ಸಂಖ್ಯೆ ತಿಳಿಸಿ.’

ಶೆಟ್ಟೆವ್ವ ಎದೆ ಮುಟ್ಟಿಕೊಂಡಳು. ‘ಅಯ್ಯ, ಕುರಿ ಎಣಸ್ತಾರೇನ? ದೃಷ್ಟಿ ಆಗ್ತೈತಿ! ದೇವರು ಕೊಟ್ಟಷ್ಟದಾವ ಅಂತ ಬರಕೊ.’

‘ಇಷ್ಟು ದಿನ ಹೆಂಗ ಬರೀತಿದ್ರಿ?’ ಪೂನಮ್ ಕೇಳಿದಳು.

ಗುಮಾಸ್ತ ಯಲ್ಲಾರಿ ಬಾಯೊಳಗಿನ ಎಲೆಯಡಿಕೆ ಆಚೆ ದವಡೆಗೆ ದಾಟಿಸಿದ. ‘ನಾನ ಒಂದ್ ಅಂದಾಜು ಹಾಕ್ತಿದ್ನಿ. ಅವತ್ತಿನ ಹವಾ ನೋಡಿ.’

ಸಾಹೇಬರು ವಿವರಣೆಯನ್ನು ಖುದ್ದು ಹೇಳಿ ಬರೆಸಿದರು: ‘ಸಂಖ್ಯೆಯನ್ನು ಮಾಲಕರಿಗೆ ಕೇಳತಕ್ಕದ್ದಲ್ಲ. ಹೇಳಿದರೆ ನಂಬತಕ್ಕದ್ದಲ್ಲ. ಖಾನೆಯನ್ನು ಖಾಲಿ ಬಿಡತಕ್ಕದ್ದಲ್ಲ. ಕ್ಯಾಮೆರಾದ ಎದುರು ಕಂಡಷ್ಟು ಕುರಿಗಳನ್ನು ಏಜೆಂಟೇ ಗುಟ್ಟಾಗಿ ಎಣಿಸಿಕೊಳ್ಳತಕ್ಕದ್ದು.’

‘ಕುರಿ ಎಂದರೇನು? ವಿವರಣೆಯಲ್ಲಿ ಇಲ್ಲ,’ ಎಂದಿತು ಏಜೆಂಟ್.

‘ಇಷ್ಟು ಓದೈತಂತ, ಕುರಿ ಗೊತ್ತಿಲ್ಲಂತ!’ ಎಂದು ನಕ್ಕ ಯಲ್ಲಾರಿ, ತೋಳೇರಿಸಿ ಬರೆಸಿದ: ‘ಕುರಿ ಎಂದರೆ ಮುಂಜಾನೆ ಬಿಟ್ಟಲ್ಲಿ ಬಂದು, ನೆರಳು ನೋಡಿ ಕೂತು, ದಿನವಿಡೀ ಮೆಲುಕಾಡಿಸಿ, ಸಂಜೆ ತಾನಾಗಿ ಮನೆಗೆ ಹೋಗುವ ಜೀವಿ. ಕರೆದರೆ ಏಳುವುದಿಲ್ಲ. ಬೋಗುಣಿಯ ಸಪ್ಪಳಕ್ಕೆ ಏಳುತ್ತದೆ.’

‘ಭಾಳ ಸ್ಪಷ್ಟ ಐತಿ,’ ಎಂದು ಸಾಹೇಬರು ರುಜು ಹಾಕಿದರು. ಅಷ್ಟರಲ್ಲಿ ಹೊರಗೆ ಚಹಾದವನ ಕಿಟ್ಲಿ ಸಪ್ಪಳಾಯಿತು. ಸಾಹೇಬರು, ಯಲ್ಲಾರಿ, ಪೂನಮ್ ಮೂವರೂ ಎದ್ದರು.

‘ಮೂರು ಕುರಿ ಕಂಡುಬಂದಿವೆ,’ ಎಂದಿತು ಏಜೆಂಟ್. ‘ಮಾಲಕರು: ಶೆಟ್ಟೆವ್ವ, ಕಲ್ಲೋಳಿ. ಬಿಲ್ಲೆ ಮಂಜೂರಾಗಿದೆ.’

‘ಏಯ್, ನಾನು ಸಾಹೇಬ ಅದೀನಿ!’

‘ಕುರಿಯ ತಕರಾರನ್ನು ಮಾಲಕರ ಮುಖಾಂತರ ಸಲ್ಲಿಸತಕ್ಕದ್ದು.’

ಈ ನಿಯಮವನ್ನು ಹಿಂದೆ ಸಾಹೇಬರೇ ಮಾಡಿದ್ದರು. ಯಾವ ಕುರಿಯೂ ಈವರೆಗೆ ಆಕ್ಷೇಪಿಸಿರಲಿಲ್ಲ.

‘ಆಯಿ, ನಾವು ನಿನ್ನ ಕುರಿ ಅಲ್ಲ ಅಂತ ಒಂದ್ ಮಾತು ಹೇಳ,’ ಯಲ್ಲಾರಿ ಕೈಮುಗಿದ.

ಶೆಟ್ಟೆವ್ವ ಮೂವರನ್ನೂ ಅಡಿಯಿಂದ ಮುಡಿತನಕ ನೋಡಿದಳು. ‘ಹೇಳೂನಂತ. ಆದ್ರ ನನ್ನ ಕುರಿ ಅಂದ್ಮ್ಯಾಲ ಮೊದಲ ದೊಡ್ಡಿಗೆ ಬರಬೇಕಲ್ಲೊ ತಮ್ಮಾ? ನಡೀರಿ. ಮಗಳ, ನಿನ್ನ ಮೊಬೈಲ್ ತಗೋ, ಅದರಾಗ ಏಜೆಂಟ್ ಇರ್ಲಿ.’ ಎಂದವಳೇ ಕೋಲೆತ್ತಿ ‘ಹುರ್ರ್ ಹೋ’ ಎಂದಳು.

ಸರಕಾರಿ ಕುರಿಗಳು ಟಂಟಂ ಆಟೋ ಹತ್ತಿ ಕಲ್ಲೋಳಿಗೆ ಬಂದವು. ದೊಡ್ಡಿಯ ಬಾಗಿಲಲ್ಲಿ ಪೂನಮ್ ಮೊಬೈಲ್ ಎತ್ತಿ ಹಿಡಿದಳು. ಏಜೆಂಟ್ ಯಾರಿಗೂ ಕೇಳದಂತೆ ಎಣಿಸಿತು. ಇಡೀ ಹಿಂಡಿಗೆ ಲಸಿಕೆ ಮಂಜೂರಾಯಿತು. ಸಂಖ್ಯೆ ಯಾರ ಬಾಯಲ್ಲೂ ಬರಲಿಲ್ಲ, ದೃಷ್ಟಿಯೂ ಆಗಲಿಲ್ಲ. ಗೋಕಾಕದಿಂದ ಬಂದ ಲಸಿಕೆಯ ಪೆಟ್ಟಿಗೆಯನ್ನು ಸಾಹೇಬರೇ ಹೊತ್ತರು, ಯಲ್ಲಾರಿ ಕುರಿ ಹಿಡಿದ.

ಕಡೆಗೆ ಬಿಲ್ಲೆ ಚುಚ್ಚಿಸಿಕೊಳ್ಳುವ ಸರದಿ ತಮ್ಮದೂ ಬಂದಾಗ ಮೂವರೂ ಕಿವಿ ಕೊಟ್ಟರು. ತಕರಾರು ಯಾರೂ ಸಲ್ಲಿಸಲಿಲ್ಲ. ಕುರಿಗೆ ವರ್ಗಾವಣೆ ಇಲ್ಲ, ಹಾಜರಿ ಇಲ್ಲ, ಮೇಲಾಗಿ ಮೇವು ಉಂಟು ಎಂದು ನಿಯಮದಲ್ಲಿ ಓದಿ ತಿಳಿದಿದ್ದರು. ಗೋಕಾಕದಿಂದ ಸುತ್ತೋಲೆಯೂ ಬಂತು: ‘ಮೂಡಲಗಿ ಮಾದರಿಯನ್ನು ಹುಕ್ಕೇರಿಗೂ ವಿಸ್ತರಿಸಲಾಗಿದೆ. ಸಿಬ್ಬಂದಿ ಕಿವಿ ತೊಳೆದುಕೊಂಡು ಬರತಕ್ಕದ್ದು.’ ಸಿಬ್ಬಂದಿ ತೊಳೆದುಕೊಂಡೇ ಬಂದರು.

ಒಗಟು ಬಿಡಿಸಿದಂಗಾತಲ್ಲ? ಆದರೆ ಒಂದು ಮಾತು. ಯಲ್ಲಾರಿ ತೋಳೇರಿಸಿದ ಮುಂದಿನದೆಲ್ಲ ಕಟ್ಟಿದ ಕತೆ, ಮತ್ತ ಕಟ್ಟಿದಾಂವ ನಾನ. ಖರೆ ಸಂಗತಿ ಅಂದ್ರ, ಏಜೆಂಟ್ ‘ಕುರಿ ಎಂದರೇನು’ ಅಂತ ಇನ್ನೂ ಕೇಳಾಕತ್ತೈತಿ. ಅದನ್ನ ಬರಿಯಾಕ ಒಂದು ಉಪಸಮಿತಿ ಆಗೈತಿ, ಉಪಸಮಿತಿ ಚಹಾಕ್ಕ ಹೋಗೈತಿ. ಶೆಟ್ಟೆವ್ವ ಬಾಕಿನ ಮ್ಯಾಲ ಕುಂತಾಳ, ಕಣ್ಣು ಅಂಕಲಗಿ ದಾರಿ ಕಡೆ.