ತಲೆ ತಗ್ಗಿಸಿ ತೆಗೆದ ಪಟ

ಪೆಟ್ಟಿಗೆ ಕ್ಯಾಮರಾದಲ್ಲಿ ಚಿತ್ರ ತೆಗೆಯುವವನು ಅದನ್ನು ಹೊಟ್ಟೆಗೆ ಒತ್ತಿ ಹಿಡಿದು, ತಲೆ ತಗ್ಗಿಸಿ, ಮೇಲ್ಭಾಗದ ಸಣ್ಣ ಗಾಜಿನ ಕಿಂಡಿಯಲ್ಲಿ ಇಣುಕಬೇಕು. ಪೂವಯ್ಯನ ಆ ದಿನದ ಕಷ್ಟಕ್ಕೆಲ್ಲ ಈ ಏರ್ಪಾಡೇ ಮೂಲ. ಅದನ್ನು ಕಂಡುಹಿಡಿದವನು ಎಂದೂ ಅಮ್ಮತ್ತಿಯ ಸಂತೆಗೆ ಬಂದವನಲ್ಲ.

ಕ್ಯಾಮರಾ ಪೂವಯ್ಯನದಲ್ಲ. ಮಡಿಕೇರಿಯಲ್ಲಿ ಅವನಿಗೆ ವಿಜ್ಞಾನ ಕಲಿಸುತ್ತಿದ್ದ ಚೆನ್ನಯ್ಯ ಮೇಷ್ಟ್ರದು. ರಜೆಗೆ ತನ್ನೂರು ಅಮ್ಮತ್ತಿಗೆ ಹೊರಟವನ ಕೈಗೆ ಅದನ್ನೂ ಒಂದು ರೀಲನ್ನೂ ಕೊಟ್ಟು ಅವರು ಹೇಳಿದ್ದು ಇಷ್ಟು: "ಬೀದಿಯ ಜನ ತಮ್ಮ ಪಾಡಿಗೆ ತಾವಿರಬೇಕು. ಮುಖ ಕಾಣಬೇಕು, ಆದ್ರೆ ಒಬ್ಬರೂ ನಿನ್ನ ಕಡೆ ನೋಡಿರಬಾರದು. ಅಂಥದ್ದು ಒಂದೇ ಒಂದು ಪಟ ತಾ. ಈ ವರ್ಷವೆಲ್ಲ ಕ್ಯಾಮರಾ ನಿನ್ನ ಹತ್ರವೇ ಇರಲಿ. ಇಲ್ಲದಿದ್ರೆ ಮಾಚಯ್ಯನಿಗೆ ಕೊಡ್ತೇನೆ."

ಮಾಚಯ್ಯ ಅವನ ಸಹಪಾಠಿ. ಅವನ ಕೈಗೆ ಕ್ಯಾಮರಾ ಸಿಕ್ಕರೆ ತನ್ನ ಸೈಕಲ್ಲಿನ ಪಟವನ್ನು ಎಲ್ಲ ದಿಕ್ಕಿನಿಂದಲೂ ತೆಗೆಯುವವನು. ಅದನ್ನು ನೆನೆದಾಗಲೆಲ್ಲ ಪೂವಯ್ಯನಿಗೆ ಹೊಟ್ಟೆ ಉರಿಯುತ್ತಿತ್ತು.

ಕ್ಯಾಮರಾ ಎಂದು ತಿಳಿದರೆ ಸಂತೆಯ ಜನ ಕೋಟಿನ ಗುಂಡಿ ಹಾಕಿಕೊಂಡು, ಉಸಿರು ಬಿಗಿಹಿಡಿದು, ಕಂಬಗಳಂತೆ ನಿಲ್ಲುವುದು ಖಂಡಿತ. ಅದಕ್ಕಾಗಿ ಅವನು ಪೆಟ್ಟಿಗೆಗೆ ಟವೆಲು ಸುತ್ತಿ, ಲೆನ್ಸಿಗೂ ಕಿಂಡಿಗೂ ಮಾತ್ರ ಜಾಗ ಬಿಟ್ಟಿದ್ದ. ಯಾರಾದರೂ ಕೇಳಿದರೆ ಊಟದ ಡಬ್ಬ ಎನ್ನುವುದೆಂದು ತೀರ್ಮಾನ. ರಜೆ ಮುಗಿಯುವ ದಿನ ಸಂತೆಯ ನಡುವೆ ನಿಂತು, ಕಿತ್ತಳೆ ರಾಶಿಯ ಮುಂದೆ ಚೌಕಾಸಿ ಮಾಡುತ್ತಿದ್ದವರ ಕಡೆಗೆ ತಿರುಗಿ, ಧೈರ್ಯವಾಗಿ ತಲೆ ತಗ್ಗಿಸಿದ.

ಆ ಊರಿನಲ್ಲಿ ಹಿರಿಯರು ಎದುರಾದರೆ ಕಿರಿಯರು ಬಾಗಿ ಕಾಲು ಮುಟ್ಟುತ್ತಾರೆ, ಹಿರಿಯರು ತಲೆ ಮುಟ್ಟಿ ಹರಸುತ್ತಾರೆ. ಮನೆಯಂಗಳವಾದರೂ ಸರಿ, ಸಂತೆಯಾದರೂ ಸರಿ. ಜರ್ಮನ್ ಯುದ್ಧದಲ್ಲಿ ಬಸ್ರಾಕ್ಕೆ ಹೋಗಿ ಬಂದಿದ್ದ ಪಿಂಚಣಿ ಸುಬೇದಾರ ಬೋಜಪ್ಪಜ್ಜ ಕಿತ್ತಳೆ ಕೊಳ್ಳುತ್ತಿದ್ದವರು ಕಣ್ಣೆತ್ತಿದರೆ, ಎದುರಿಗೆ ಒಬ್ಬ ಹುಡುಗ ಎರಡೂ ಕೈಯಲ್ಲಿ ಏನನ್ನೋ ಹಿಡಿದು ತಲೆ ಬಾಗಿ ನಿಂತಿದ್ದಾನೆ. ಅಜ್ಜನ ಮನಸ್ಸು ಕರಗಿತು.

ಕಿಂಡಿಯ ಗಾಜಿನಲ್ಲಿ ಒಂದು ಕರಿಯ ಕೋಟು ಗ್ರಹಣದ ನೆರಳಿನಂತೆ ಬೆಳೆಯತೊಡಗಿತು. ಇದೇನೆಂದು ತಿಳಿಯುವ ಮೊದಲೇ ಪೂವಯ್ಯನ ನೆತ್ತಿಯ ಮೇಲೆ ಸುಬೇದಾರರ ಅಂಗೈ ಬಿತ್ತು. ಆ ಭಾರಕ್ಕೆ ಬೆರಳು ಕ್ಯಾಮರಾದ ಗುಂಡಿಯನ್ನು ಒತ್ತಿತು. ಟಕ್.

"ಯಾರ ಮಗ ನೀನು?"

"ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ಬೆಳ್ಳಿಯಪ್ಪನ ಮಗ, ಅಜ್ಜ."

"ಹಾಗೆ ಹೇಳು. ಮಡಿಕೇರಿಗೆ ಓದಕ್ಕೆ ಹೋದವರೆಲ್ಲ ಕುತ್ತಿಗೆಗೆ ಬೀಟೆ ಮರ ಕಟ್ಟಿಸ್ಕೊಂಡು ಬರ್ತಾರೆ. ನಿಂದು ಇನ್ನೂ ಬಗ್ಗುತ್ತದಲ್ಲ, ಸಂತೋಷ."

ಹರಸಿದ ಮೇಲೆ ಕಾಲು ಮುಟ್ಟದೆ ಇರಲಾಗದು. ಪೂವಯ್ಯ ಮುಟ್ಟಿದ. ಹಾಳಾದ ಚಿತ್ರದ ಮೇಲೆ ಇನ್ನೊಂದು ಬೀಳಬಾರದೆಂದು ರೀಲು ತಿರುಗಿಸಿ, ಬೇರೆ ಮೂಲೆಗೆ ಹೋದ. ಅಲ್ಲಿ ತಲೆ ತಗ್ಗಿಸಿದ್ದಕ್ಕೆ ಶಿರಂಗಾಲದಿಂದ ಬಂದು ಹೋಟೆಲು ಇಟ್ಟಿದ್ದ ಸುಲೋಚನಮ್ಮ ಅಡ್ಡ ಬಂದರು. ಹರಸಿದರು, ಟಕ್. ಕೈಯಲ್ಲಿ ಏನೆಂದು ಕೇಳಿದರು, ಊಟದ ಡಬ್ಬ ಎಂದ. ನೆಂಚಿಕೊಳ್ಳಲು ಏನಿದೆ ಎಂದರು, ಏನೂ ಇಲ್ಲ ಎಂದ. ತಾಯಿ ಇದ್ದೂ ಹುಡುಗನ ಗತಿ ಇದಾಯಿತಲ್ಲ ಎಂದು ಅವರು ನಿಂಬೆಕಾಯಿ ಉಪ್ಪಿನಕಾಯಿಯ ಸೌಟನ್ನೇ ತಂದು ಮುಚ್ಚಳ ತೆಗೆಯಲು ಕೈ ಹಾಕಿದಾಗ ಇನ್ನೊಮ್ಮೆ ಟಕ್; ಪೂವಯ್ಯ ಡಬ್ಬವನ್ನು ಎದೆಗೆ ಅವಚಿಕೊಂಡು ಓಡಿದ.

ಓಡಿದವನು ವೀಳ್ಯದೆಲೆ ಮಾರುವ ಚಿಕ್ಕಿ ಎಂಬ ಮುದುಕಿಯ ಮುಂದೆ ಸಿಕ್ಕಿಬಿದ್ದ. ಅವಳ ಮುಖ ಮುನಿಸಿನಿಂದ ಊದಿಕೊಂಡಿತ್ತು.

"ಸುಬೇದಾರ್ರ ಕಾಲು ಮಾತ್ರ ಕಾಲಾ? ನಿನ್ನಪ್ಪ ಹುಟ್ಟಿದಾಗ ಬಿಸಿನೀರು ಕಾಯ್ಸಿದವ್ಳು ನಾನು."

ಅಲ್ಲಿಗೂ ಬಾಗಿದ. ಅಷ್ಟರಲ್ಲಿ ಬೋಜಪ್ಪಜ್ಜ ಬೆನ್ನಟ್ಟಿ ಬಂದು ಅವನ ತೋಳು ಹಿಡಿದರು. ಇಂಥ ವಿನಯವನ್ನು ನಾಲ್ಕು ಜನ ನೋಡಬೇಕು ಎಂದು ಹುಂಜ ಕೊಂಡವನು ಹುಂಜ ತೋರಿಸಿಕೊಂಡು ಹೋಗುವ ಹಾಗೆ ಅವನನ್ನು ಸಂತೆಯೆಲ್ಲ ತಿರುಗಿಸಿದರು. ಹೋದಲ್ಲೆಲ್ಲ ಬಾಗು, ಅಂಗೈ, ಟಕ್, ಮತ್ತೆ ರೀಲು ತಿರುಗಿಸು. ಟವೆಲು ಸರಿಸಿ ನೋಡಿದಂತೆಲ್ಲ ಕ್ಯಾಮರಾದ ಹಿಂಬದಿಯ ಕೆಂಪು ಗಾಜಿನಲ್ಲಿ ಚಿತ್ರಗಳ ಅಂಕೆ ಒಂದೊಂದಾಗಿ ಕಳೆದು, ಕೊನೆಗೆ ಒಂದೇ ಚಿತ್ರದ ಜಾಗ ಉಳಿಯಿತು.

ಅಜ್ಜನ ಹಿಡಿತ ತಪ್ಪಿಸಿಕೊಂಡ ಪೂವಯ್ಯ ಎತ್ತಿನ ಗಾಡಿಯ ಮರೆಯಲ್ಲಿ ಕುಳಿತು ವಿಚಾರ ಮಾಡಿದ. ವಿಜ್ಞಾನ ಓದಿದ್ದು ಇಂಥ ಗಳಿಗೆಗೇ. ಹಿರಿಯರು ಬರುವುದು ತಲೆ ಬಾಗಿದ ದಿಕ್ಕಿನಿಂದ. ಚಿತ್ರ ಬೀಳುವುದು ಲೆನ್ಸ್ ತಿರುಗಿದ ದಿಕ್ಕಿನಿಂದ. ಇವೆರಡೂ ಒಂದೇ ದಿಕ್ಕಾಗಿರಬೇಕೆಂದು ಯಾವ ನಿಯಮವೂ ಇಲ್ಲ. ಪೆಟ್ಟಿಗೆಯನ್ನು ಎಡಕ್ಕೆ ತಿರುಗಿಸಿ ಹಿಡಿದು, ತಾನು ಮನುಷ್ಯರಿಲ್ಲದ ಕಡೆಗೆ ಮುಖ ಮಾಡಿ ನಿಂತರೆ ಕೆಲಸವಾಯಿತು.

ಮನುಷ್ಯರಿಲ್ಲದ ಜಾಗ ಸಂತೆಯಲ್ಲಿ ಒಂದೇ ಇತ್ತು. ಸಾರಾಯಿ ಅಂಗಡಿಯ ಮುಂಭಾಗ. ಹಗಲು ಬಾಗಿಲು ಹಾಕಿರುತ್ತಿತ್ತು. ಮರ್ಯಾದಸ್ಥ ಹಿರಿಯರು ಬೆಳಕಿರುವಾಗ ಆ ಕಡೆ ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ಪೂವಯ್ಯ ತನ್ನ ಬುದ್ಧಿಗೆ ತಾನೇ ಮೆಚ್ಚಿ, ಆ ಬಾಗಿಲ ಮುಂದೆ ಕಾಲು ಜೋಡಿಸಿ ನಿಂತು ತಲೆ ತಗ್ಗಿಸಿದ.

ಎಡಗಡೆಯ ಸಂತೆ ಇಡಿಯಾಗಿ ಹೆಬ್ಬೆರಳಿನ ಉಗುರಿನಷ್ಟು ಗಾಜಿನೊಳಗೆ ಬಂತು. ಜನ ಇರುವೆಗಳಷ್ಟು ಕಂಡರು. ಯಾರೂ ಹತ್ತಿರ ಬರಲಿಲ್ಲ. ಸೂರ್ಯನಿಗೆ ಮೋಡ ಅಡ್ಡವಾಗಿತ್ತು. ಅದು ಸರಿಯುವವರೆಗೆ ಅವನು ಕತ್ತೆತ್ತದೆ ಕಾದ. ನಿಧಾನವಾಗಿ ಸಂತೆಯ ಗದ್ದಲ ಅಡಗಿತು. ಚೌಕಾಸಿ ನಿಂತಿತು. ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿ ಮುಳುಗಿದರೆಂದು ಅವನಿಗೆ ಸಮಾಧಾನವಾಯಿತು. ಬಿಸಿಲು ಬಿತ್ತು. ಟಕ್.

ತಲೆಯೆತ್ತಿ ಯಾರನ್ನೂ ನೋಡದೆ ಅವನು ನೇರವಾಗಿ ಮಡಿಕೇರಿಯ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಮಾಚಯ್ಯನ ಸೈಕಲ್ಲನ್ನು ನೆನೆದು ನಕ್ಕ.

ಮರುದಿನ ಮೇಷ್ಟ್ರು ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿದರು. ಮೊದಲಿನವೆಲ್ಲ ಅಂಗೈಗಳು, ಕೋಟಿನ ಗುಂಡಿಗಳು, ಒಂದು ಉಪ್ಪಿನಕಾಯಿ ಸೌಟು. ಅವುಗಳನ್ನು ಬದಿಗೆ ಸರಿಸಿ, "ಕೊನೇದು ನೋಡಿ ಸಾರ್" ಎಂದ ಪೂವಯ್ಯ.

ಕೊನೆಯದು ಕನ್ನಡಿಯಂತೆ ಸ್ವಚ್ಛವಾಗಿ ಬಂದಿತ್ತು. ಬೋಜಪ್ಪಜ್ಜ ಹುಬ್ಬಿನ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಚಿಕ್ಕಿ ಬಾಯಿ ತೆರೆದುಕೊಂಡಿದ್ದಳು, ಬಾಯಿಗೆ ಹೊರಟ ಎಲೆ ಅರ್ಧದಾರಿಯಲ್ಲಿ ನಿಂತಿತ್ತು. ಸುಲೋಚನಮ್ಮ ಕೆನ್ನೆಗೆ ಬೆರಳಿಟ್ಟಿದ್ದರು. ಸಂತೆಯಲ್ಲಿದ್ದ ಪ್ರತಿಯೊಂದು ಕಣ್ಣೂ, ಗಾಡಿಯ ಎತ್ತಿನದೂ ಸೇರಿ, ನೆಟ್ಟಗೆ ಲೆನ್ಸಿನ ಕಡೆಗೇ ಇತ್ತು.

"ಇಷ್ಟೊಂದು ಜನರನ್ನ ಒಟ್ಟಿಗೆ ಇತ್ತ ನೋಡಿ ಅಂತ ಹೇಗೆ ಒಪ್ಪಿಸಿದೆ?" ಎಂದರು ಮೇಷ್ಟ್ರು.

"ಅವರು ಕ್ಯಾಮರಾ ನೋಡ್ತಿಲ್ಲ ಸಾರ್. ನನ್ನ ನೋಡ್ತಿದ್ದಾರೆ."

"ನಿನ್ನಲ್ಲಿ ನೋಡುವಂಥದ್ದು ಏನಿತ್ತು?"

ಪೂವಯ್ಯನಿಗೆ ಆಗ ಹೊಳೆಯಿತು. "ನಾನು ಸಾರಾಯಿ ಅಂಗಡಿಗೆ ತಲೆ ಬಾಗಿ ನಿಂತಿದ್ದೆ ಸಾರ್" ಎಂದ. ಹೇಳುತ್ತಲೇ ನಾಚಿಕೆಯಿಂದ ತಲೆ ತಾನಾಗಿ ತಗ್ಗಿತು.

ಚೆನ್ನಯ್ಯ ಮೇಷ್ಟ್ರು ಒಂದು ಕೈಯಲ್ಲಿ ಕ್ಯಾಮರಾವನ್ನು ಮಾಚಯ್ಯನಿಗೆಂದು ಮೇಜಿನ ಆಚೆ ಬದಿಗೆ ಇಟ್ಟರು. ಅವರೂ ಅದೇ ಸೀಮೆಯವರು. ಎದುರಿಗೆ ಬಾಗಿದ ತಲೆ ಕಂಡದ್ದೇ ಇನ್ನೊಂದು ಕೈ ತಾನಾಗಿಯೇ ಅದರ ಮೇಲೆ ಹೋಗಿ ಕುಳಿತಿತು.

"ಒಳ್ಳೇದಾಗ್ಲಿ, ಮಗ" ಎಂದರು.